ಐದರ ನಾಣ್ಯದ ಮೇಲೆ ಎರಡು ಕೈ

ಟಂಕಸಾಲೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಉಲ್ಟಕ್ಕ ಎಂದೇ. ನಾಣ್ಯದ ಮೇಲೆ ಅಕ್ಷರ ನೆಟ್ಟಗೆ ಮೂಡಬೇಕಾದರೆ ಉಕ್ಕಿನ ಅಚ್ಚಿನಲ್ಲಿ ಅದನ್ನು ತಿರುವುಮುರುವಾಗಿ ಕೆತ್ತಬೇಕು. ಉಳಿದವರು ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ಮಾಡುವ ಈ ಕೆಲಸವನ್ನು ಅವಳು ಕನ್ನಡಿಯಿಲ್ಲದೆ ಮಾಡುತ್ತಿದ್ದಳು. ಕಲ್ಲಿನಲ್ಲಿ ಹೆಸರು ಕೆತ್ತಿ ಬದುಕಿದ ಅಪ್ಪನಿಂದ ಅವಳಿಗೆ ಬಂದದ್ದು ಎರಡೇ: ಉಳಿ ಹಿಡಿಯುವ ಕೈ ಮತ್ತು ಹಿಡಿದ ಹಟ ಬಿಡದ ಸ್ವಭಾವ.

ಅವಳ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮಗುವಾಗಿದ್ದಾಗ ಅವಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಗ್ರೀಸಿನ ವಾಸನೆಯ ಒಂದು ಬಾಡಿಗೆ ಕೋಣೆಯಲ್ಲಿ, ತಾವೂ ಕಿವುಡರೇ ಆಗಿದ್ದ ಟೀಚರೊಬ್ಬರು ಇಂಥ ಮಕ್ಕಳಿಗೆ ಕೈಭಾಷೆಯಲ್ಲಿ ಪಾಠ ಹೇಳುತ್ತಿದ್ದರು. ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಉಲ್ಟಕ್ಕ ಹಿಂದಿನ ಬೆಂಚಿನಲ್ಲಿ ಕೂತು ತಾನೂ ಕಲಿತಳು. ಅವಳಿಂದ ಮನೆಯವರೂ ಕಲಿತರು. ಕೊನೆಗೆ ಅವರ ಮನೆಯಲ್ಲಿ ಯಾರಾದರೂ ಜಗಳವಾಡಬೇಕೆಂದರೆ ಮೊದಲು ಕೈಯಲ್ಲಿದ್ದ ತಟ್ಟೆ ಕೆಳಗಿಡಬೇಕಾಗುತ್ತಿತ್ತು. ಅಮ್ಮ ಮಾತ್ರ ಸೌಟು ಹಿಡಿದೇ ಬೈಯುವುದನ್ನು ಕಲಿತಿದ್ದಳು.

ಟೀಚರ್ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ ಸರ್ಕಾರ ಕೈಭಾಷೆಯನ್ನೂ ದೇಶದ ಭಾಷೆಗಳಲ್ಲೊಂದೆಂದು ಒಪ್ಪಿಕೊಂಡಿತು. ಅದರ ನೆನಪಿಗೆ ಐದರ ನಾಣ್ಯಕ್ಕೆ ಹೊಸ ಚಿತ್ರ ಬೇಕೆಂದು ಆದೇಶವೂ ಬಂತು. ಉಲ್ಟಕ್ಕ ಯಾರನ್ನೂ ಕೇಳದೆ ಟೀಚರ ಮುಖವನ್ನು ಬರೆದಳು. ಕನ್ನಡಕ, ಕೆನ್ನೆಯ ಸುಕ್ಕು, ಹೇಳುವುದನ್ನು ಅರ್ಧಕ್ಕೆ ನಿಲ್ಲಿಸಿದಂಥ ತುಟಿ, ಎಲ್ಲವೂ ಇದ್ದವು.

ಟಂಕಸಾಲೆಯ ಕಾನೂನು ಅಧಿಕಾರಿ ಚಿತ್ರವನ್ನು ಕೈಗೆತ್ತಿಕೊಂಡು ನೋಡಿದರು.

"ಚೆನ್ನಾಗಿದೆ. ಆದ್ರೆ ಆಗಲ್ಲಮ್ಮ."

"ಯಾಕೆ ಸಾರ್?"

"ಚಲಾವಣೆ ನಾಣ್ಯದ ಮೇಲೆ ದೇಶದ ಲಾಂಛನ ಇರ್ಬೇಕು, ಹೆಸರಿರ್ಬೇಕು, ಬೆಲೆ ಅಂಕೀಲೂ ಅಕ್ಷರದಲ್ಲೂ ಇರ್ಬೇಕು, ಇಸವಿ ಇರ್ಬೇಕು. ಇರಬಾರದು ಅಂತ ಕಾಯ್ದೆ ಹೇಳೋದು ಒಂದನ್ನೇ. ಬದುಕಿರೋರ ಗುರುತು ಸಿಗೋ ಹಾಗಿರಬಾರದು. ಇಲ್ದಿದ್ರೆ ಕುರ್ಚಿ ಮೇಲೆ ಕೂತೋರೆಲ್ಲ ತಮ್ಮ ಮುಖ ಹಾಕಿಸ್ಕೊಳ್ತಾರೆ."

ಉಲ್ಟಕ್ಕನಿಗೆ ಸಿಟ್ಟು ಬಂತು, ಆದರೆ ಆ ಮಾತು ನಿಜವೆಂದು ಅವಳಿಗೂ ಗೊತ್ತಿತ್ತು.

ಪಕ್ಕದಲ್ಲಿದ್ದ ನಿರ್ದೇಶಕರು ಸಮಾಧಾನ ಮಾಡಲು ನೋಡಿದರು. "ವಿನಾಯಿತಿ ಒಂದಿದೆಯಲ್ಲ! ಸಂಗ್ರಹ ಮಾಡೋರಿಗೆ ಅಂತ ಬೆಳ್ಳಿ ನಾಣ್ಯ ಮಾಡ್ತೀವಲ್ಲ, ಅದಕ್ಕೆ ಈ ನಿಯಮ ಅನ್ವಯಿಸಲ್ಲ. ಮಖಮಲ್ ಡಬ್ಬಿಯಲ್ಲಿ ಟೀಚರ ಮುಖ. ಏನಂತೀರಾ?"

"ಡಬ್ಬಿ ಒಳಗೆ ಕೂತು ಯಾರ ಹತ್ರ ಮಾತಾಡ್ತಾರೆ ಸಾರ್ ಅವ್ರು? ನಂಗೆ ಅಂಗಡಿ ಗಲ್ಲಾಪೆಟ್ಟಿಗೇಲಿ ಬೀಳೋ ನಾಣ್ಯಾನೇ ಬೇಕು."

"ಹಾಗಿದ್ರೆ ಮುಖ ಬಿಡಿ," ಎಂದರು ಕಾನೂನು ಅಧಿಕಾರಿ.

"ಬಿಟ್ಟೆ," ಎಂದಳು ಉಲ್ಟಕ್ಕ. "ಆದ್ರೆ ಭಾಷೆ ಬಿಡಲ್ಲ."

ಮುಖ ಬೇಡವಾದರೆ ಕೈ ಇರಲಿ ಎಂದು ಅವಳು ನಿರ್ಧರಿಸಿದಳು. ಕೈಭಾಷೆಯಲ್ಲಿ "ಹೇಳು" ಎನ್ನುವ ಪದವನ್ನು ಆರಿಸಿ, ಆ ಪದ ಆಡುತ್ತಿರುವ ಎರಡು ಕೈಗಳನ್ನು ನೆನಪಿನಿಂದಲೇ ಬರೆದಳು. ಬರೆದು ಮುಗಿಸಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. ತಂಗಿ ಈರುಳ್ಳಿ ಹೆಚ್ಚುತ್ತಿದ್ದವಳು ಒಮ್ಮೆ ನೋಡಿ, ಚಾಕು ಕೆಳಗಿಟ್ಟು, ಕೈಯಲ್ಲಿ ಹೇಳಿದಳು: "ಅರೆ, ಟೀಚರ್!"

"ಅದು ಹೇಗೆ ಗೊತ್ತಾಯ್ತು? ಮುಖಾನೇ ಇಲ್ವಲ್ಲ."

"ಕೈ ಇದೆಯಲ್ಲ! ನೀನು ಫೋನಿನಲ್ಲಿ ದನಿ ಕೇಳಿ ಗುರುತು ಹಿಡಿಯಲ್ವಾ? ಹಾಗೇ. ನಮ್ಮ ಶಾಲೆಯವರನ್ನ ಯಾರನ್ನ ಬೇಕಾದ್ರೂ ಕೇಳು."

ಉಲ್ಟಕ್ಕ ಹಿಗ್ಗಿದಳು. ಮರುಕ್ಷಣವೇ ಅವಳ ಮುಖ ಸಪ್ಪಗಾಯಿತು. ಗುರುತು ಸಿಗುವ ಹಾಗಿರಬಾರದು ಎಂದಲ್ಲವೇ ಕಾಯ್ದೆ ಹೇಳುವುದು? ಕಾನೂನು ಅಧಿಕಾರಿಗೆ ಕೈಭಾಷೆ ಬಾರದು. ಸುಮ್ಮನಿದ್ದರೆ ಅವರಿಗೆ ತಿಳಿಯುವುದೂ ಇಲ್ಲ. ಆದರೆ ಕೈಗೆ ಗುರುತಿಲ್ಲ ಎಂದು ಹೇಳಿ ಅವರ ಸಹಿ ಪಡೆದರೆ, ಕೈಯೆಂದರೆ ದನಿಯಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಇಷ್ಟು ವರ್ಷ ಟೀಚರ್ ಹೋರಾಡಿದ್ದು ಆ ಮಾತಿನ ವಿರುದ್ಧವೇ ಅಲ್ಲವೇ? ಅವಳು ಚಿತ್ರವನ್ನು ಹರಿದು ಹಾಕಿದಳು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಶಾಲೆಯ ಮಕ್ಕಳ ಕೈ, ದೊಡ್ಡವರ ಕೈ, ತಂಗಿಯ ಕೈ, ಎಲ್ಲವನ್ನೂ ನೋಡಿ ಬರೆದಳು, ಅಳಿಸಿದಳು. ಒಬ್ಬರದೂ ಅಲ್ಲದ, ಆದರೆ ಜೀವವಿರುವ ಕೈ ಬೇಕಿತ್ತು. ಬರೆದದ್ದೆಲ್ಲ ಒಂದೋ ತಂಗಿಯಂತಾಗುತ್ತಿತ್ತು, ಇಲ್ಲವೇ ಬಟ್ಟೆ ಅಂಗಡಿಯ ಗೊಂಬೆಯಂತಾಗುತ್ತಿತ್ತು. "ಇಷ್ಟೆಲ್ಲ ಯಾಕೆ? ಒಂದು ಹೂವು ಹಾಕಿ ಮುಗಿಸಿ," ಎಂದು ಸಹೋದ್ಯೋಗಿಗಳು ಹೇಳಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಂದು ಚಿತ್ರ ಸರಿಬಂತು ಅನ್ನಿಸಿದಾಗ ಟೀಚರ ಮನೆಗೆ ಹೋದಳು. ಚಿತ್ರದಿಂದ ಅವರ ಕೈಯನ್ನು ತೆಗೆಯಬೇಕಾಯಿತು ಎಂದು ಹೇಳುವ ಹೊತ್ತಿಗೆ ಅವಳ ಬೆರಳುಗಳು ತೊದಲಿದವು.

ಟೀಚರಿಗೆ ಅದರ ಚಿಂತೆಯೇ ಇರಲಿಲ್ಲ. ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಹೆಬ್ಬೆರಳು ನೋಡು! ಇಷ್ಟು ಒಳಗೆ ಬಾಗಿದ್ರೆ ಅದು 'ಹೇಳು' ಅಲ್ಲ ಮಗಳೇ, 'ಕದಿ'!"

ಉಲ್ಟಕ್ಕ ತಲೆ ಚಚ್ಚಿಕೊಂಡಳು. ಟೀಚರ್ ನೋಡದಿದ್ದರೆ ಸರ್ಕಾರದ ನಾಣ್ಯದ ಮೇಲೆ ಲಾಂಛನದ ಸಮೇತ "ಕದಿ" ಎಂದು ಅಚ್ಚಾಗಿ ಊರೆಲ್ಲ ತಿರುಗಾಡುತ್ತಿತ್ತು!

"ನನ್ನ ಕೈ ಇಲ್ಲ ಅಂತ ಅಳ್ಬೇಡ," ಎಂದ ಟೀಚರ್ ಅವಳ ಹೆಬ್ಬೆರಳನ್ನು ಹಿಡಿದು ನೆಟ್ಟಗೆ ಮಾಡಿ, ಕೈ ಬಿಟ್ಟು ಮತ್ತೆ ಹೇಳಿದರು. "ಸರಿಯಾಗಿ ಮಾತಾಡ್ಸು ಇದನ್ನ. ಅಷ್ಟು ಸಾಕು."

ಚಿತ್ರದಲ್ಲಿ ಹೆಬ್ಬೆರಳು ನೆಟ್ಟಗಾದೊಡನೆ ಅದರ ತುದಿ ಇಸವಿಯ ಮೇಲೆ ಹೋಗಿ ಕೂತಿತು. ಇಸವಿಯನ್ನು ಬಿಡುವಂತಿಲ್ಲ. ಅವಳು ಮತ್ತೆ ಕಾನೂನು ಅಧಿಕಾರಿಯ ಕೋಣೆಗೆ ಹೋಗಿ ಅವರ ಮುಂದೆ ಕುರ್ಚಿ ಎಳೆದುಕೊಂಡಳು.

"ಇಸವಿ ಚಿತ್ರದ ಕಡೇನೇ ಇರ್ಬೇಕು ಅಂತ ಎಲ್ಲಿದೆ ಸಾರ್?"

ಅಧಿಕಾರಿ ಕಾಯ್ದೆಯ ಪುಸ್ತಕ ತೆಗೆದು ಹುಡುಕಿದರು. "ಯಾವ ಕಡೆ ಅಂತ ಹೇಳಿಲ್ಲ. ಲಾಂಛನದ ಕೆಳಗೆ ಹಾಕಬಹುದು." ಆಮೇಲೆ ಹೊಸ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು, "ಇದು ಯಾರ ಕೈ?"

"ಯಾರದೂ ಅಲ್ಲ ಸಾರ್. ನನ್ನ ತಂಗೀನೂ ನೋಡಿದ್ಳು, ಗುರುತು ಹಿಡಿಯಕ್ಕೆ ಆಗ್ಲಿಲ್ಲ."

ಅವರು ಸಹಿ ಹಾಕಿದರು. ನಾಣ್ಯ ಚಲಾವಣೆಗೆ ಬಂದ ಮೇಲೆ ಸುಮಾರು ದಿನ ಏನೂ ಆಗಲಿಲ್ಲ. ಜನ ಎಣಿಸಿದರು, ಜೇಬಿಗೆ ಹಾಕಿಕೊಂಡರು, ಚಿಲ್ಲರೆ ಕೊಟ್ಟರು. ಆಮೇಲೊಂದು ಸಂಜೆ ತಂಗಿ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಅಕ್ಕನ ಮುಂದೆ ನಿಂತಳು. ದಿನಾ ಅವಳೊಡನೆ ಕಿರುಚಿ ಮಾತಾಡುತ್ತಿದ್ದ ಬಸ್ ಕಂಡಕ್ಟರ್ ಈ ದಿನ ಕಿರುಚಲಿಲ್ಲವಂತೆ. ಐದರ ನಾಣ್ಯವನ್ನು ಎತ್ತಿ ತೋರಿಸಿ, ಇದೇನು ಎಂದು ಹುಬ್ಬು ಹಾರಿಸಿದನಂತೆ. ಅವಳು ಮಾಡಿ ತೋರಿಸಿದಳಂತೆ. ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನೂ ಎರಡೂ ಕೈಯಲ್ಲಿ "ಹೇಳು" ಎಂದನಂತೆ.

"ನೀನೇನಂದೆ?"

"ಇಳಿಯೋ ಸ್ಟಾಪ್ ಹೇಳಿದೆ. ಮತ್ತಿನ್ನೇನು ಹೇಳ್ಲಿ?"

ಉಲ್ಟಕ್ಕ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು, ಇನ್ನೊಮ್ಮೆ ಮೊದಲಿನಿಂದ ಹೇಳೆಂದು ತಂಗಿಯನ್ನು ಎದುರಿಗೆ ಕೂರಿಸಿಕೊಂಡಳು.