ನಂಜನಗೂಡಿನ ಮನೆಯ ಬ್ರೆಡ್ ಮೆಷಿನ್

ಆ ಮೆಷಿನ್ನಿನ ಮುಚ್ಚಳದಲ್ಲಿ ಅಂಗೈ ಅಗಲದ ಗಾಜಿನ ಕಿಟಕಿಯೊಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ಮಣೆ ಹಾಕಿಕೊಂಡು ಅದರ ಮುಂದೆ ಕೂತರೆ ನನಗೆ ಲೋಕವೇ ಬೇಡವಾಗುತ್ತಿತ್ತು. ಒಳಗೆ ಮೈದಾ ಹಿಟ್ಟು ತನ್ನಷ್ಟಕ್ಕೆ ತಾನು ಸುತ್ತುತ್ತ, ಮಗ್ಗುಲು ಬದಲಿಸುತ್ತ, ಪಾತ್ರೆಯ ಗೋಡೆಗೆ ಒಂದು ಗಳಿಗೆ ಒರಗಿ ಮತ್ತೆ ಏಳುತ್ತ ಇರುತ್ತಿತ್ತು. ಕಲಸುವ ಸದ್ದು ನಿಂತ ಮೇಲೆ ಒಂದು ಗಂಟೆಯ ಕಾಲ ಏನೂ ಆಗುತ್ತಿರಲಿಲ್ಲ. ಏನೂ ಆಗದ ಆ ಹೊತ್ತೇ ನನಗೆ ಎಲ್ಲಕ್ಕಿಂತ ಇಷ್ಟ. ಕಪಿಲೆ ಹೊಳೆ ಕಡೆಯಿಂದ ಗಾಳಿ ಬಂದು ಹಿತ್ತಿಲ ಬಾಗಿಲನ್ನು ಮೆಲ್ಲಗೆ ಆಡಿಸುತ್ತಿತ್ತು, ನನಗೆ ಜೊಂಪು ಹತ್ತುತ್ತಿತ್ತು, ಕಣ್ಣು ಬಿಟ್ಟರೆ ಹಿಟ್ಟು ಉಬ್ಬಿಕೊಂಡು ಕಿಟಕಿಯ ಹತ್ತಿರಕ್ಕೆ ಬಂದಿರುತ್ತಿತ್ತು. ಅದು ಯಾವಾಗ ಎದ್ದಿತು ಎಂಬುದನ್ನು ಒಂದು ದಿನವೂ ನಾನು ಕಣ್ಣಾರೆ ಕಾಣಲಿಲ್ಲ.

ನಮ್ಮ ಯಜಮಾನರು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಡ್ರೈವರ್ ಆಗಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ವಾಪಸು ಹೊರಡುವಾಗ ಇದನ್ನು ಇವರ ಕೈಗಿಟ್ಟು ಹೋದರು. ಜೊತೆಗೆ ಒಂದು ಕಾಗದದಲ್ಲಿ ನೀರೆಷ್ಟು, ಹಿಟ್ಟೆಷ್ಟು, ಈಸ್ಟ್ ಎಷ್ಟು ಎಂದು ಅಳತೆ ಬರೆದುಕೊಟ್ಟಿದ್ದರು. ಮದುವೆಯಾಗಿ ಮೂರು ವರ್ಷವಾಗಿದ್ದ ನನಗೆ ಆ ಮನೆಯಲ್ಲಿ ಇದು ನನ್ನದು ಎನ್ನಬಹುದಾಗಿದ್ದ ವಸ್ತು ಅದೊಂದೇ. ಟೀವಿಗೆ ಹೊದಿಸುವ ಹಾಗೆ ಅದಕ್ಕೂ ಕಸೂತಿ ಬಟ್ಟೆ ಹೊದಿಸಿದೆ. ಇರುವೆ ಬಾರದಿರಲೆಂದು ಸುತ್ತ ಅರಿಶಿನದ ಗೆರೆ ಎಳೆದೆ. ಪ್ರತಿಸಲ ಬ್ರೆಡ್ ತೆಗೆದ ಮೇಲೆ, ಪಾತ್ರೆಯ ತಳದಲ್ಲಿ ಹಿಟ್ಟು ಕಲಸುವ ಪುಟ್ಟ ರೆಕ್ಕೆಯನ್ನು ಬಿಚ್ಚಿ, ಅದರ ಸಂದಿಯಲ್ಲಿ ಸಿಕ್ಕಿಕೊಂಡ ಚೂರನ್ನು ಊದುಬತ್ತಿಯ ಕಡ್ಡಿಯಿಂದ ತೆಗೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದೆ. ನಡುವೆ ಕರೆಂಟು ಹೋದರೆ ಮೆಷಿನ್ನು ಮಾಡಿದ್ದನ್ನೆಲ್ಲ ಮರೆತು ಮೊದಲಿನಿಂದ ಕಲಸಲು ಕೂರುತ್ತಿತ್ತು. ಆಗ ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ.

ನಮ್ಮ ಕಡೆ ಬ್ರೆಡ್ ಎಂದರೆ ಕಾಯಿಲೆಯವರ ಊಟ. ಜ್ವರ ಬಂದರೆ ಬ್ರೆಡ್, ಆಸ್ಪತ್ರೆಗೆ ನೋಡಲು ಹೋದರೆ ಕೈಯಲ್ಲಿ ಬ್ರೆಡ್. ಮೊದಲ ದಿನ ಬೇಯುವ ವಾಸನೆ ಬೀದಿಗೆ ಹೋದದ್ದೇ ತಡ, ಎದುರುಮನೆಯಾಕೆ ನಾಲ್ಕು ಮೂಸಂಬಿ ಹಿಡಿದು ಬಂದರು. "ಯಾರ್ಗವ್ವ ಉಸಾರಿಲ್ಲ?" ಯಾರಿಗೂ ಏನೂ ಆಗಿಲ್ಲ ಎಂದರೆ ಅವರು ನಂಬಲಿಲ್ಲ, ಹಣ್ಣು ಇಟ್ಟೇ ಹೋದರು. ನಮ್ಮತ್ತೆಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. "ಎಲ್ಲಾ ಸೆಂದಾಗಿರೋ ಮನೇಲಿ ಇದ್ಯಾಕವ್ವ?" ಎಂದು ಗೊಣಗುತ್ತಿದ್ದರು. ಆದರೂ ನಾನು ಮೆಷಿನ್ನಿನ ಮುಂದೆ ಕೂತಾಗಲೆಲ್ಲ ಅವರೂ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು. ಓದು ಬರಹ ಬಾರದ ಹೆಂಗಸು, ಬಟನ್ನು ಮುಟ್ಟಲು ಅವರಿಗೆ ಭಯ.

ಅಷ್ಟರಲ್ಲಿ ಕಾಯಿಲೆ ನಿಜವಾಗಿಯೂ ಬಂತು, ಆದರೆ ನಮ್ಮ ಮನೆಗಲ್ಲ, ಸೋಸಲೆಯಲ್ಲಿದ್ದ ನಮ್ಮಪ್ಪನಿಗೆ. ಮೈಸೂರಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಮೂರು ತಿಂಗಳು ಮುದ್ದೆ ಮುಟ್ಟುವಂತಿಲ್ಲ, ಹಾಲಲ್ಲಿ ನೆನೆಸಿದ ಬ್ರೆಡ್ಡು, ಗಂಜಿ, ಇಂಥದ್ದೇ ಕೊಡಿ, ತೂಕ ಹೀಗೇ ಇಳಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಅಣ್ಣನಿಗೆ ಹೇಳಿ ಕಳಿಸಿದರು. ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟ ಜೀವ ಅದು. ಎರಡು ತುತ್ತು ಗಂಜಿ ಕುಡಿದು ಗೋಡೆ ಕಡೆ ತಿರುಗಿಬಿಡುತ್ತಿದ್ದರು. ಅಂಗಡಿ ಬ್ರೆಡ್ಡಂತೂ ಬಾಯಿಗಿಡಲಿಲ್ಲ. ಬೇಕರಿಯವರು ಹಿಟ್ಟನ್ನು ಕಾಲಲ್ಲಿ ತುಳಿಯುತ್ತಾರೆ ಎಂದು ಯಾರೋ ಹೇಳಿದ್ದನ್ನು ಅವರು ಚಿಕ್ಕಂದಿನಿಂದ ನಂಬಿಕೊಂಡಿದ್ದರು.

ನನಗೆ ಖುಷಿಯೇ ಆಯಿತು ಎಂದರೆ ತಪ್ಪು ತಿಳಿಯಬೇಡಿ. ಕಾಲಿರಲಿ, ಕೈಯೂ ಸೋಕದ ಬ್ರೆಡ್ ನನ್ನ ಹತ್ತಿರ ಇತ್ತಲ್ಲ! ಶನಿವಾರ ಮಾಡಿ, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಭಾನುವಾರ ಬೆಳಿಗ್ಗೆ ತಿ. ನರಸೀಪುರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಇಳಿದು ಸೋಸಲೆಗೆ ಇನ್ನೊಂದು ಬಸ್ಸು. ಕಿಟಕಿಯಾಚೆ ನೀರು ನಿಂತ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದರೆ, ಮಡಿಲಲ್ಲಿ ಬ್ರೆಡ್ ಇಟ್ಟುಕೊಂಡು, ಅಪ್ಪ ಎದ್ದು ಕೂತ ಹಾಗೆ, ನಾಲೆ ಏರಿಯ ಮೇಲೆ ನಡೆದ ಹಾಗೆ ಕನಸು ಕಾಣುತ್ತಿದ್ದೆ. ಅಪ್ಪ ನನ್ನ ಮುಖ ನೋಡಿ ಒಂದು ಚೂರು ತಿನ್ನುತ್ತಿದ್ದರು, ಆಮೇಲೆ ತಟ್ಟೆ ಸರಿಸುತ್ತಿದ್ದರು. "ಬ್ರೆಡ್ ತಿಂದೋರು ಎದ್ದು ಓಡಾಡಿದ್ದ ನಾನ್ ಕಾಣೆ ಕಣವ್ವ. ಮುದ್ದೆ ಕೊಡಾಕಾದ್ರೆ ಕೊಡಿ." ಮೂರು ವಾರ ಹೀಗೇ ನಡೆಯಿತು. ನಾಲ್ಕನೆಯ ವಾರ ತೋಳು ಹಿಡಿದು ಎತ್ತಿ ಕೂರಿಸುವಾಗ ಮೂಳೆ ನನ್ನ ಕೈಗೆ ಸಿಕ್ಕಿತು. ನನಗೆ ಹೆದರಿಕೆಯಾಯಿತು.

ಐದನೆಯ ಶನಿವಾರ ಅಡುಗೆಮನೆಗೆ ಹೋದರೆ ಬ್ರೆಡ್ಡಿನ ಪಾತ್ರೆ ಬೆಳ್ಳಿಯ ಹಾಗೆ ಥಳಥಳ ಹೊಳೆಯುತ್ತಿತ್ತು. ಅದರ ಒಳಮೈ ಕಪ್ಪಗಿರಬೇಕು. ಹಿಟ್ಟು ಅಂಟದಿರಲೆಂದು ಬಳಿದಿರುವ ಕಪ್ಪು ಅದು. ಅತ್ತೆ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ, ಒಂದು ಚುಕ್ಕೆಯೂ ಉಳಿಯದಂತೆ ತೆಗೆದಿದ್ದರು.

"ಕರಿ ಇಡ್ದೋಗಿತ್ತು ಕಣ್ ಮಗ," ಎಂದರು, ಮುಖದಲ್ಲಿ ನಗು. "ಬೀಗ್ರಿಗೆ ಕೊಡೋದು. ಇಂತಾ ಪಾತ್ರೇಲಿ ಮಾಡ್ತಾರೆ ಅಂದ್ಕಳಲ್ವಾ? ಬೆಳಿಗ್ಗೆಯಿಂದ ಬೆಳ್ಗಿವ್ನಿ."

ನಾನು ಹಿಟ್ಟು ಹಾಕಿದೆ. ಮೂರೂವರೆ ಗಂಟೆ ಕಾದೆ. ಬೆಂದ ಮೇಲೆ ಪಾತ್ರೆ ಬೋರಲು ಹಾಕಿದರೆ ಬ್ರೆಡ್ ಬೀಳಲಿಲ್ಲ. ಪಾತ್ರೆಯ ಬೆನ್ನು ತಟ್ಟಿದೆ, ಚಾಕು ಆಡಿಸಿದೆ. ಕೊನೆಗೆ ಅರ್ಧ ಕಿತ್ತು ಬಂತು, ಅರ್ಧ ತಳ ಹಿಡಿದುಕೊಂಡಿತು. ಆ ಚಿಂದಿಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅತ್ತೆಗೆ ಹೇಳಿದೆ: "ನಮ್ಮಪ್ಪ ಉಳಿಯೋದು ನಿಮಗೆ ಬೇಕಾಗಿಲ್ಲ ಬಿಡಿ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಆಡಿದ ಕ್ಷಣವೇ ಅದು ನನಗೆ ಗೊತ್ತಾಯಿತು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹಿತ್ತಿಲಿಗೆ ಹೋದರು. ನಾನೂ ತಗ್ಗಲಿಲ್ಲ. ಮರುದಿನ ಬರಿಗೈಯಲ್ಲಿ ಸೋಸಲೆಗೆ ಹೋದವಳು ವಾಪಸು ಬರಲೇ ಇಲ್ಲ, ನಾಲ್ಕು ದಿನ ತವರಿನಲ್ಲೇ ಉಳಿದೆ. ಅಪ್ಪನಿಗೋಸ್ಕರ ಎಂದು ಎಲ್ಲರಿಗೂ ಹೇಳಿದೆ. ಅರ್ಧ ನಿಜ.

ಐದನೆಯ ದಿನ ಔಷಧಿ ತರಲು ತಿ. ನರಸೀಪುರಕ್ಕೆ ಹೋಗಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಸೋಸಲೆಗೆ ಮರಳಿದಾಗ ನಮ್ಮ ಮನೆಯ ಬಾಗಿಲಲ್ಲಿ ಅತ್ತೆಯ ಚಪ್ಪಲಿ ಕಂಡಿತು. ಒಬ್ಬರೇ ಬಸ್ಸು ಹತ್ತಿದ ಹೆಂಗಸಲ್ಲ ಅವರು. ಬೀಗರ ಮುಂದೆ ಕೂರುವವರೂ ಅಲ್ಲ. ನಮ್ಮಪ್ಪ ನಂಜನಗೂಡಿಗೆ ಬಂದಾಗಲೆಲ್ಲ ತಲೆ ತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಂತು, "ಕಾಪಿ ಕುಡೀತಾರಾ ಕೇಳವ್ವ" ಎಂದು ನನ್ನ ಕೈಲಿ ಕೇಳಿಸುತ್ತಿದ್ದವರು. ನಾನು ಹೊಸ್ತಿಲಲ್ಲೇ ನಿಂತೆ.

ಅತ್ತೆ ಅಪ್ಪನ ಮಂಚದ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಮುಂದೆ ತಟ್ಟೆಯಲ್ಲಿ ಬ್ರೆಡ್ಡಿತ್ತು, ನಾಲ್ಕು ಮೂಲೆಯೂ ನೆಟ್ಟಗೆ, ಎಲ್ಲೂ ಕಿತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನವ್ವ ಪಿಸುಗುಟ್ಟಿದಳು: ಹೊಸ ದೋಸೆ ಹೆಂಚು ಪಳಗಿಸುವ ಹಾಗೆ ಆ ಪಾತ್ರೆಗೆ ಎಣ್ಣೆ ಸವರಿ, ಕಾಯಿಸಿ, ಈರುಳ್ಳಿಯಲ್ಲಿ ಉಜ್ಜಿ, ಮತ್ತೆ ಎಣ್ಣೆ ಸವರಿ, ಮೂರು ದಿನ ಹೀಗೇ ಮಾಡಿದರಂತೆ. ನಾನು ಯಾವುದನ್ನು ಎಷ್ಟು ಅಳೆದು ಹಾಕುತ್ತಿದ್ದೆ, ಯಾವ ಬಟನ್ನು ಎಷ್ಟು ಸಲ ಒತ್ತುತ್ತಿದ್ದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತಂತೆ. ಎರಡು ಬ್ರೆಡ್ ಕೆಟ್ಟು ಮೂರನೆಯದು ಬಂತಂತೆ.

ಅಪ್ಪ ತಟ್ಟೆ ಸರಿಸಲು ಕೈ ಎತ್ತಿದರು. ಅತ್ತೆ ತಲೆ ತಗ್ಗಿಸಿಕೊಂಡೇ, ಆದರೆ ಗಟ್ಟಿಯಾಗಿ ಹೇಳಿದರು: "ಬೀಗ್ರು ತಂದಿದ್ನ ಬ್ಯಾಡ ಅನ್ನೋದು ಎಲ್ಲಾರ ಉಂಟಾ? ಮಗ್ಳು ತಂದಿದ್ನ ಬ್ಯಾಡ ಅನ್ನಿ, ಅದು ನಿಮ್ಮನೆ ಇಸ್ಯ. ನಾನ್ ತಂದಿದ್ನ ತಳ್ಳಿದ್ರೆ, ಸಂಬಂದಾನೇ ತಳ್ದಂಗೆ."

ಅಪ್ಪನ ಕೈ ಹಾಗೆಯೇ ನಿಂತಿತು. ಅವರು ಹಳೇಕಾಲದ ಮನುಷ್ಯ. ಬೀಗರ ಎಲೆಯಲ್ಲಿ ಉಪ್ಪಿಲ್ಲ ಎಂದು ಕೂಡ ಬಾಯಿಬಿಟ್ಟವರಲ್ಲ. ಒಂದು ಚೂರು ಮುರಿದು ಹಾಲಲ್ಲಿ ಅದ್ದಿ ಬಾಯಿಗಿಟ್ಟರು. ಇನ್ನೊಂದು. ಮತ್ತೊಂದು. ಪೂರ್ತಿ ಒಂದು ತುಂಡು ಮುಗಿಯುವವರೆಗೆ ಅತ್ತೆ ಅಲುಗಾಡಲಿಲ್ಲ, ಮುಗಿದ ಮೇಲೆ ಎರಡನೆಯದನ್ನು ತಟ್ಟೆಗೆ ಹಾಕಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕಣ್ಣಲ್ಲಿ ಎಲ್ಲ ಮಂಜಾಗಿ, ಮಂಚ, ಚಾಪೆ, ಆ ಇಬ್ಬರು ಮುದುಕರು ನೀರೊಳಗೆ ಕೂತಿರುವಂತೆ ಕಂಡರು. ನಾಚಿಕೆಯಿಂದ ಸತ್ತುಹೋಗಬೇಕು ಎನ್ನಿಸಿತು. ಅತ್ತೆಯ ಕಾಲು ಹಿಡಿಯಬೇಕು ಎಂದೂ ಎನ್ನಿಸಿತು.

ಅಪ್ಪ ನನ್ನನ್ನು ನೋಡಿದರು. ಎಷ್ಟೋ ವಾರದ ಮೇಲೆ ಅವರ ತುಟಿಯಲ್ಲಿ ಒಂಚೂರು ನಗು ಇತ್ತು.

"ನಿಮ್ಮತ್ತೆ ನನ್ನ ಸಾಯಾಕ್ ಬುಡಾಕಿಲ್ಲ ಕಣವ್ವ," ಎಂದರು.

ಅತ್ತೆ ನನ್ನ ಕಡೆ ತಿರುಗಲಿಲ್ಲ, ತಟ್ಟೆಯನ್ನು ಅಪ್ಪನ ಹತ್ತಿರಕ್ಕೆ ಸರಿಸಿದರು. ಆ ಶನಿವಾರ ನಾನು ಅಂದದ್ದನ್ನು ಅತ್ತೆ ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.