ತಮ್ಮ ಹಾರಿದ್ದು ಡಿವಿಡಿಯಲ್ಲಿತ್ತು

ತಮ್ಮನ ಭುಜ ಮುರಿದಾಗ ನಾನು ನೋಡಲು ಹೋಗಲಿಲ್ಲ. ಸಿನಿಮಾಗಳಲ್ಲಿ ಹೀರೋ ಬದಲು ಬೀಳುವುದು, ಹಾರುವುದು ಅವನ ಕೆಲಸ. ಸೇತುವೆಯಿಂದ ಹೊಳೆಗೆ ಹಾರುವಾಗ ಪೆಟ್ಟಾಯಿತು ಎಂದಿದ್ದ. ನಾನು ನಂಬಲಿಲ್ಲ. ಕುಡಿದು ಬೈಕಿನಿಂದ ಬಿದ್ದಿದ್ದಾನೆ ಎಂದು ನೆಂಟರಿಗೆಲ್ಲ ನಾನೇ ಹೇಳಿದೆ.

ಆ ಸಿನಿಮಾ ಶಿವಮೊಗ್ಗಕ್ಕೆ ಬಂದಾಗ ನೋಡಿದೆ. ತಲೆಬುಡವಿಲ್ಲದ ಕಥೆ. ಹೊಳೆಗೆ ಹಾರುವ ದೃಶ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು, ಹಾರಿದವನ ಮುಖವೇ ಕಾಣಲಿಲ್ಲ. ಭದ್ರಾವತಿಗೆ ಬಂದು, ನಮ್ಮ ಗ್ಯಾರೇಜಿನಲ್ಲಿ ನಾಲ್ಕು ಜನರೆದುರು ಅವನನ್ನು ಹಂಗಿಸಿದೆ.

“ಎಲ್ಲೋ ನೀನು? ಟಾರ್ಚ್ ಹಾಕಿ ಹುಡುಕಿದ್ರೂ ಸಿಗ್ಲಿಲ್ವಲ್ಲೋ ಮಾರಾಯ!”

“ನನ್ ಮುಖ ಕಂಡ್ರೆ ಕೆಲಸ ಕೆಟ್ಟಂಗೆ ಅಣ್ಣ,” ಎಂದಷ್ಟೇ ಹೇಳಿ ಎದ್ದು ಹೋದ.

ಮೊನ್ನೆ ಅವನ ಮನೆಯಲ್ಲಿ ಅವನ ಹೆಂಡತಿ ಆ ಸಿನಿಮಾದ ಡಿವಿಡಿ ಹಾಕಿದಳು. ಮತ್ತೆ ಆ ದರಿದ್ರ ಯಾಕೆ ಎಂದೆ.

“ಸಿನಿಮಾ ಅಲ್ಲ ಭಾವ, ಶೂಟಿಂಗ್ ಹೆಂಗೆ ಮಾಡಿದ್ರು ಅನ್ನೋದನ್ನ ಕೊನೇಲಿ ಬೇರೆಯಾಗಿ ಹಾಕಿದ್ದಾರೆ. ಅದನ್ನ ನೋಡಿ.”

ಅದರಲ್ಲಿ ತಮ್ಮ ಸೇತುವೆಯಿಂದ ಐದು ಸಲ ಹಾರಿದ. ಐದನೆಯ ಸಲ ದಡಕ್ಕೆ ಬಂದಾಗ ಬಲಗೈ ಜೋತುಬಿದ್ದಿತ್ತು. ಹಲ್ಲು ಕಚ್ಚಿಕೊಂಡೇ ನಕ್ಕು, ಕ್ಯಾಮೆರಾ ಹಿಡಿದವರಿಗೆ ಹೇಳಿದ: “ಈಜು ಕಲಿಸಿದ್ದು ನಮ್ಮಣ್ಣ. ಇದನ್ನ ನೋಡಿದ್ರೆ ಖುಷಿ ಪಡ್ತಾನೆ.”

ಆ ಸಿನಿಮಾದಲ್ಲಿ ನೋಡುವಂಥದ್ದು ಇದ್ದದ್ದು ಇದೊಂದೇ. ಇದನ್ನು ಥಿಯೇಟರಿನಲ್ಲಿ ತೋರಿಸಿರಲಿಲ್ಲ.

ತಮ್ಮ ಪಕ್ಕದಲ್ಲೇ ಕೂತಿದ್ದ. ಈಗಲೂ ಆ ಕೈ ಎತ್ತಿ ತಲೆ ಬಾಚಿಕೊಳ್ಳಲು ಅವನಿಗೆ ಆಗುವುದಿಲ್ಲ. ಅವನ ಹೆಂಡತಿಯ ಎದುರೇ ಹೇಳಿದೆ: “ಕುಡಿದು ಬಿದ್ದ ಅಂತ ಊರಿಗೆಲ್ಲ ಹೇಳಿದ್ದು ನಾನೇ. ತಪ್ಪಾಯ್ತು ಕಣೋ.”