ಬಾಯಾರಿಗೆ ಭೇಟಿಯಾಗದ ಕಾರ್ಡು

ಕುಸುಮಾ ಬಾಯಾರ ಟ್ಯಾರೋ ಕಾರ್ಡುಗಳು ಎರಡು ಕಡೆ ಇರುತ್ತಿದ್ದವು. ಅವರಿಗೆ ಭೇಟಿಯಾದ ಕಾರ್ಡುಗಳು ಹಳೇ ಇಳಕಲ್ ಸೀರೆಯ ಚೂರಿನಲ್ಲಿ ಸುತ್ತಿಕೊಂಡು ದೇವರ ಜಗಲಿಯ ಪಕ್ಕದಲ್ಲಿ, ಇನ್ನೂ ಭೇಟಿಯಾಗದವು ಬಿಸ್ಕೀಟಿನ ಡಬ್ಬಿಯಲ್ಲಿ. ಭೇಟಿ ಅಂದರೆ ಖರೇನೇ ಭೇಟಿ. ಕಾರ್ಡಿನ ಚಿತ್ರದಲ್ಲಿರುವ ಮನುಷ್ಯನನ್ನು ನಮ್ಮೂರು ಅಂಕಲಿಯ ಸುತ್ತಮುತ್ತ ಎಲ್ಲಾದರೂ ಕಣ್ಣಾರೆ ಕಂಡ ಮೇಲೇ ಅದು ಡಬ್ಬಿಯಿಂದ ಹೊರಗೆ ಬರಬೇಕು. ಅಲ್ಲೀತನಕ ಅದು ಯಾರ ಭವಿಷ್ಯವನ್ನೂ ಹೇಳುವ ಹಾಗಿರಲಿಲ್ಲ.

ಬಾಯಾರು ನಮ್ಮ ಓಣಿಯವರು. ಕನ್ನಡ ಸಾಲಿಯಲ್ಲಿ ಅರ್ಧ ಊರಿಗೆ ಮಗ್ಗಿ ಕಲಿಸಿ, ಕಿವಿ ಹಿಂಡಿ, ರಿಟೈರ್ ಆದವರು. ಪುಣೆಯಿಂದ ಬಂದಿದ್ದ ಅವರ ತಂಗಿಯ ಮಗಳು ಕಾರ್ಡಿನ ಕಟ್ಟನ್ನೂ ಅದರ ಅರ್ಥ ಹೇಳುವ ಮರಾಠಿ ಪುಸ್ತಕವನ್ನೂ ಇಲ್ಲೇ ಮರೆತು ಹೋದಳು. ಬಾಯಾರು ಪುಸ್ತಕವನ್ನು ಓದಿ ಮುಗಿಸಿ, "ಇದನ್ನ ಬರದಾಂವ ನಮ್ಮೂರ ನೋಡಿಲ್ಲ" ಅಂತ ಬದಿಗಿಟ್ಟರು. ಮೊದಲಿಗೆ ಮಂದಿ ಬಾಯಾರು ಇಸ್ಪೀಟು ಹಿಡಿದರು ಅಂತ ಆಡಿಕೊಂಡರು. ಇಸ್ಪೀಟಲ್ಲ, ಭವಿಷ್ಯ ಅಂತ ತಿಳಿದ ಮೇಲೆ ಅದೇ ಮಂದಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನಮ್ಮ ಕಡೆ ಅಷ್ಟೇ ಫರಕು ನೋಡ್ರಿ.

ಒಂದು ಕಾರ್ಡಿನಲ್ಲಿ ರೆಕ್ಕೆಯಿದ್ದ ದೇವತೆಯೊಬ್ಬಳು ಈ ಬಟ್ಟಲಿನಿಂದ ಆ ಬಟ್ಟಲಿಗೆ ನೀರು ಸುರಿಯುತ್ತಾಳೆ. ಸಂಯಮ ಅಂತ ಪುಸ್ತಕದ ಅರ್ಥ. ಒಂದು ದಿನ ಮುಂಜಾನೆ ಹಾಲು ಕಾಯಿಸುತ್ತಿದ್ದ ಬಾಯಾರು ಗ್ಯಾಸು ಆರಿಸಿ ಬಂದು ಆ ಕಾರ್ಡನ್ನು ಡಬ್ಬಿಯಿಂದ ತೆಗೆದರು. "ಬರದಾಂವಂದು ಇದೊಂದು ಖರೇ ಐತಿ. ಹಾಲಿನ ಬಣ್ಣ ಹೋಗದಂಗ ನೀರ ಹಾಕಬೇಕಂದ್ರ ಭಾಳ ಸಂಯಮ ಬೇಕ." ಮರುದಿನ ಹಾಲಿನವನಿಗೆ ಕಾರ್ಡು ತೋರಿಸಿ, ನೀ ದೇವತಾ ಅದೀಯೋ ಅಂದರು. ಆತ ಖುಷಿಯಿಂದ ಒಂದು ಲೋಟ ಹೆಚ್ಚಿಗೆ ಹಾಕಿ ಹೋದ. ಅದೂ ನೀರೇ.

ಕೈಯಲ್ಲಿ ಕಂದೀಲು ಹಿಡಿದು ಕತ್ತಲಲ್ಲಿ ಒಬ್ಬನೇ ನಿಂತ ಮುದುಕನ ಕಾರ್ಡಿಗೆ ಅವರು ಒಂದು ದಿನವೂ ಕಾಯಲಿಲ್ಲ. "ಸನ್ಯಾಸಿ ಅಂತ. ಎಂಥಾ ಸನ್ಯಾಸಿ? ತ್ರೀ ಫೇಸ್ ಕರೆಂಟ ರಾತ್ರಿ ಕೊಟ್ರ ಸಂಸಾರಸ್ಥರೆಲ್ಲಾ ಬ್ಯಾಟರಿ ಹಿಡದು ಹೊಲಕ್ಕ ನೀರ ಬಿಡಾಕ ಹೋಗಿ ಸನ್ಯಾಸಿಗಳ ಆಗ್ತಾರ."

ಚುನಾವಣೆಗೆ ನಿಲ್ಲಬೇಕೆಂದಿದ್ದ ಒಬ್ಬ ಸಾಹುಕಾರರು ಬಿಳೀ ಗಾಡಿಯಲ್ಲಿ ಬಂದು, ತಮ್ಮ ಭವಿಷ್ಯ ಕೇಳಿದರು. ಬಂದ ಕಾರ್ಡಿನಲ್ಲಿ ಆಕಾಶದಿಂದ ಒಬ್ಬ ಕಹಳೆ ಊದುತ್ತಿದ್ದಾನೆ, ಕೆಳಗೆ ಸತ್ತವರು ಪೆಟ್ಟಿಗೆಯಿಂದ ಎದ್ದು ಕೈ ಚಾಚಿದ್ದಾರೆ. ಬಾಯಾರು ಗಂಭೀರವಾಗಿ ಹೇಳಿದರು: "ನೀವು ಆರಿಸಿ ಬರೂದ ಖಾತ್ರಿ ಐತ್ರಿ. ಊದಿದ ಕೂಡಲೇ ಸತ್ತಾವ್ರೂ ಎದ್ದು ಬಂದಾರ ನೋಡ್ರಿ. ಹೋದ ಇಲೆಕ್ಷನ್ನಿಗೆ ನಮ್ಮ ಮಾವನೋರೂ ಬಂದು ಓಟ ಹಾಕಿ ಹೋದ್ರಂತ. ಮನೀಗಿ ಮಾತ್ರ ಬರಲಿಲ್ಲ." ಸಾಹುಕಾರರು ಎರಡೂ ಕೈ ಮುಗಿದು, ಸಂಜೆಗೆ ಶಾಲು ಕಳಿಸಿದರು. ಬಾಯಾರು ಅದನ್ನು ಹೊಲಿಗೆ ಮಷೀನಿಗೆ ಹೊದಿಸಿದರು.

ಅಂಥ ಬಾಯಾರ ಮುಂದೆ ನನ್ನ ಪಾಳಿಯೂ ಬಂತು. ಶೇಡಬಾಳದ ಒಂದು ಹೈಸ್ಕೂಲಿನಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ನಮ್ಮ ಅತ್ತಿ ಗಂಗಾಬಾಯಿ ಉಹೂಂ ಅಂದಿದ್ದರು. "ಕಬ್ಬ ಐತಿ, ದ್ರಾಕ್ಷಿ ಪಡ ಐತಿ. ಸೊಸಿ ಬಸ್‌ಸ್ಟ್ಯಾಂಡಿನ್ಯಾಗ ನಿಂತ್ರ ಮಂದಿ ಏನಂದಾರು?" ನಮ್ಮ ಮನೆಯವರು "ಅವ್ವ ಹೂಂ ಅಂದ್ರ ನಂದೂ ಹೂಂ" ಅಂದು ಮೋಟರ್ ಚಾಲೂ ಮಾಡಲು ತೋಟಕ್ಕೆ ಹೋದರು. ಒಂದು ಕಾಲಿಗೆ ಹಗ್ಗ ಬಿಗಿದು ತಲೆಕೆಳಗೆ ನೇತಾಡುತ್ತಿದ್ದರೂ ಸಮಾಧಾನದಿಂದಿರುವ ಒಬ್ಬನ ಕಾರ್ಡಿದೆ. ಅದನ್ನು ಬಾಯಾರು ಡಬ್ಬಿಯಿಂದ ತೆಗೆದದ್ದು ನಮ್ಮ ಮನೆಯವರನ್ನು ನೋಡಿಯೇ.

ನಮ್ಮ ಅತ್ತಿಯವರಿಗೆ ಸ್ವಾಮಿಗಳ ಮೇಲೆ, ಪಂಚಾಂಗದ ಮೇಲೆ, ಈಗ ಬಾಯಾರ ಕಾರ್ಡಿನ ಮೇಲೆ ನಂಬಿಕೆ. ಕಡೆಗೆ, "ಬಾಯಾರ ಕಾರ್ಡ ಹೇಳಿದಂಗ ಆಗಲಿ" ಅಂದರು. ನಾನು ಹಿತ್ತಲಿನಿಂದ ಓಡಿಹೋಗಿ ಬಾಯಾರ ಕೈ ಹಿಡಿದು, ಒಂದು ಛಲೋ ಕಾರ್ಡು ಮೊದಲೇ ಮೇಲಿಟ್ಟಿರ್ರಿ ಅಂತ ಕೇಳಿಕೊಂಡೆ. ಅವರು ಕೈ ಕೊಡವಿದರು. "ಸುಳ್ಳ ಹೇಳಾಕ ಊರಾಗ ಮಂದಿ ಕಡಿಮಿ ಬಿದ್ದಾರೇನ ಸವಿತಾ? ನಾ ಯಾಕ?" ನನಗೆ ಸಿಟ್ಟು ಬಂತು, ಅಳುವೂ ಬಂತು.

ಅತ್ತಿ ನನ್ನನ್ನು ಕರಕೊಂಡು ಬಂದು ಕುಳಿತಾಗ ಬಾಯಾರು ಕಟ್ಟು ಬಿಚ್ಚುತ್ತಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಒಂದು ಕಾರ್ಡು ಬೇರೆ ಇತ್ತು. ಒಬ್ಬ ಹೆಂಗಸು, ಮೈಗೆಲ್ಲ ಬಟ್ಟೆ ಬಿಗಿದಿದ್ದಾರೆ, ಕಣ್ಣಿಗೂ ಕಟ್ಟಿದ್ದಾರೆ, ಸುತ್ತಲೂ ಕತ್ತಿ ನೆಟ್ಟಿದ್ದಾರೆ.

"ಇದ್ಯಾಕ ಹೊರಗ ಐತ್ರಿ?" ಅಂದರು ಅತ್ತಿ.

"ಈಕಿ ಯಾರಂತ ನನಗ ತಿಳದಿಲ್ಲ ಗಂಗಕ್ಕ. ಇಂಥಾಕಿ ನಮ್ಮೂರಾಗ ಭೇಟಿ ಆಗಿಲ್ಲ."

ಅತ್ತಿ ಕಾರ್ಡು ಎತ್ತಿಕೊಂಡರು. ನಾನು ಆ ಮನೆಗೆ ಬಂದಾಗಿನಿಂದ ಅವರ ತಲೆಯ ಮೇಲಿನ ಸೆರಗು ಜಾರಿದ್ದನ್ನು ನೋಡಿಲ್ಲ. ಆ ಸೆರಗಿನೊಳಗಿಂದಲೇ ಬಹಳ ಹೊತ್ತು ಚಿತ್ರ ನೋಡಿದರು.

"ಕಣ್ಣ ಕಟ್ಟಿದ್ದಲ್ರಿ ಇದು," ಅಂದರು. "ಸೆರಗ. ಕಣ್ಣಮಟಾ ಜಗ್ಗಿ ಹೊದಿಸ್ಯಾರ. ಹೊಸಾ ಸೊಸಿ ಈಕಿ. ಇವೂ ಕತ್ತಿ ಅಲ್ಲ. ಇದು ನಮ್ಮ ಅತ್ತಿ, ಇದು ನಮ್ಮ ಭಾವ, ಉಳದಾವ್ರು ಓಣಿ ಮಂದಿ." ಕಾರ್ಡು ಕೆಳಗಿಡದೇ ಹೇಳಿದರು, "ನಾ ಮ್ಯಾಟ್ರಿಕ್ ಪಾಸಾಗಿದ್ನಿ ಬಾಯಾರ. ಮಿರಜಿನ್ಯಾಗ ನರ್ಸ್ ಕಲೀಬೇಕಂತ ಭಾಳ ಇತ್ತ. ಆತಲ್ರಿ ಈಗ ಭೇಟಿ? ಹಾಕ್ರಿ ಕಟ್ಟಿನ್ಯಾಗ."

ಬಾಯಾರು ಚಿತ್ರಕ್ಕೆ ಬೆರಳು ತೋರಿಸಿ ಇಷ್ಟೇ ಅಂದರು: "ಕಾಲ ನೋಡ್ರಿ ಗಂಗಕ್ಕ. ಕಾಲ ಕಟ್ಟಿಲ್ಲ."

ಅತ್ತಿ ಕಾರ್ಡನ್ನು ಕಣ್ಣ ಹತ್ತಿರ ತಂದು ಕಾಲು ನೋಡಿದರು. ಭವಿಷ್ಯ ಕೇಳದೇ ಎದ್ದು ಬಂದರು. ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ, "ಶೇಡಬಾಳದ ಬಸ್ ಮುಂಜಾನಿ ಎಷ್ಟಕ್ಕ ಐತಿ?" ಅಂದರು.

ಹೋದ ಚಳಿಗಾಲದಲ್ಲಿ ಬಾಯಾರನ್ನು ಮಿರಜಿನ ಆಸ್ಪತ್ರೆಯಲ್ಲಿಟ್ಟಿದ್ದರು. ನಾನು ನೋಡಲು ಹೋದಾಗ ತಲೆದಿಂಬಿನ ಬದಿಯಿಂದ ಬಿಸ್ಕೀಟಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಒಳಗೆ ಒಂದೇ ಕಾರ್ಡು. ಸಿಂಹಾಸನದ ಮೇಲೆ ಕುಳಿತವಳು, ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ತಕ್ಕಡಿ. ನ್ಯಾಯ.

"ಎಲ್ಲಾರೂ ಭೇಟಿ ಆದ್ರು," ಅಂದರು. "ಸೈತಾನನೂ ಆದ, ಆಗಾಗ ಚಹಾಕ್ಕ ಬರ್ತಿದ್ದ. ಈಕಿ ಒಬ್ಬಾಕಿ ಸಿಗಲಿಲ್ಲ. ಕೋರ್ಟ ಕಚೇರ್ಯಾಗ ನೋಡಿದ್ನಿ, ಕಬ್ಬ ತೂಗೂ ಕಾಟಾದಾಗ ನೋಡಿದ್ನಿ. ತಕ್ಕಡಿ ಇತ್ತ, ಈಕಿ ಇರಲಿಲ್ಲ. ನೀ ದಿನಾ ಬಸ್ಸಿನ್ಯಾಗ ಅಡ್ಡಾಡಾಕಿ. ಎಲ್ಲ್ಯಾರ ಕಂಡ್ರ ಹೇಳು."

ಹೇಳಲು ಅವರು ಉಳಿಯಲಿಲ್ಲ. ಇಷ್ಟೊಂದು ಕಾರ್ಡಿದ್ದೂ ತಮ್ಮ ಸಾವು ಗೊತ್ತಾಗಲಿಲ್ಲ ನೋಡು ಅಂತ ಮಣ್ಣಿಗೆ ಬಂದವರು ಮಾತಾಡಿಕೊಂಡರು. ಗೊತ್ತಿಲ್ಲದೇ ಡಬ್ಬಿ ಕೊಟ್ಟರೇನು? ಓಣಿ ತಿರುಗುವಾಗ ಅವರ ಬಾಗಿಲಿಗೆ ಹಾಕಿದ ಕೀಲಿ ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಾರ್ಡು ನನ್ನ ಬ್ಯಾಗಿನಲ್ಲಿದೆ. ಸಂಜೆ ಬಂದ ಕೂಡಲೇ ಅತ್ತಿ ಚಹಾ ಮುಂದಿಟ್ಟು, "ಇವತ್ತರ ಸಿಕ್ಕಳೇನ?" ಅಂತಾರೆ. ಇಲ್ರಿ ಅತ್ತಿ, ಅಂತೀನಿ. ಮೊನ್ನೆ ಅವರಿಗೆ ಬೇಸರ ಬಂತು. "ಸಾಲಿಗಿ ತಡಾ ಆತಂತ ಓಡಾಕಿ ನೀ. ನಿನಗೆಲ್ಲಿ ಗುರ್ತ ಹತ್ತಬೇಕು."

ಮರುದಿನ ನಾನು ಬಸ್ಸಿಗೆ ಹೊರಟಾಗ ಅತ್ತಿ ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಕಟ್ಟೆಯ ಮೇಲೆ ಕುಳಿತಿದ್ದರು. ಸೆರಗು ಹೆಗಲ ಮೇಲಿತ್ತು.

"ಎಲ್ಲಿಗ್ರಿ ಅತ್ತಿ?"

"ಆಕೀನ್ನ ಹುಡಕಾಕ. ಹೆಣ್ಮಕ್ಕಳಿಗೆ ಬಸ್ ಫುಕಟ್ ಐತೆಲ್ಲಾ. ನಡಿ, ಹೋದೀತು."